ತಂಬುಳಿಗೆ ಬಾರದ ಸೊಪ್ಪು

ಬರ್ಮಿಂಗ್‌ಹ್ಯಾಮಿನ ನಮ್ಮ ಹಿತ್ತಲಲ್ಲಿ ನಾಲ್ಕು ಚಾಪೆ ಹಾಸಿದರೆ ಜಾಗ ಮುಗಿಯಿತು. ವರ್ಷವರ್ಷ ನೆಡುವ ರಗಳೆ ಬೇಡವೆಂದು ಅಲ್ಲಿ ಬಹುವಾರ್ಷಿಕ ಗಿಡಗಳನ್ನೇ ಹಾಕಿದ್ದೆ. ಆಸೆ ತಡೆಯದೆ ನಡುವೆ ಫಾಕ್ಸ್‌ಗ್ಲವ್ ಬೀಜ ಉದುರಿಸಿದೆ. ಅದರ ಮುಂದೆ ಸಾಸಿವೆಯೂ ಕುಂಬಳಕಾಯಿ. ಮೇಲೆ ಮಣ್ಣು ಮುಚ್ಚಬಾರದು, ಮೊಳೆಯಲು ಅದಕ್ಕೆ ಬೆಳಕು ಬೇಕು.

ಮೊದಲ ವರ್ಷ ಬರೀ ಎಲೆ. ನೆಲಕ್ಕೆ ಅಂಟಿ, ನವಿರು ರೋಮ ಹೊತ್ತು, ಸುತ್ತಲೂ ಹರಡಿ ಕೂತಿತು. ಅದೇ ಹೊತ್ತಿಗೆ ಸಾಗರದಿಂದ ಅತ್ತೆ ಬಂದರು. ಮಲೆನಾಡಿನವರಿಗೆ ಹಸಿರು ಕಂಡರೆ ಕೈ ಸುಮ್ಮನಿರದು. ಮೂರನೇ ದಿನ ನಾನು ಅಡುಗೆಮನೆಗೆ ಬಂದರೆ ಮಿಕ್ಸಿ ಜಾರಿನಲ್ಲಿ ಕಾಯಿತುರಿ, ಜೀರಿಗೆ, ಕಾಳುಮೆಣಸು. ಪಕ್ಕದಲ್ಲಿ ತೊಳೆದಿಟ್ಟ ಎಂಟು ಎಲೆ.

"ದೊಡ್ಡಪತ್ರೆ ಥರಾನೇ ಇದೆ ಕಣೆ, ಘಮ ಒಂದಿಲ್ಲ. ಈ ದೇಶದ್ದೆಲ್ಲಾ ಹೀಗೇ."

"ಅತ್ತೆ, ಅದು ವಿಷ!"

ಜಾರು ತೊಳೆದು ಇಟ್ಟ ಮೇಲೆ ವಿವರಿಸಿದೆ. ಅವರು ದಿನಾ ನುಂಗುವ ಹೃದಯದ ಡಿಗಾಕ್ಸಿನ್ ಮಾತ್ರೆ ಬರುವುದು ಇದರ ದಾಯಾದಿ ಗಿಡದ ಎಲೆಯಿಂದಲೇ. ಮೈ ಊದುವ ಕಾಯಿಲೆಗೆ ಈ ಎಲೆಯನ್ನು ಎಷ್ಟು ಕೊಡಬೇಕು ಅಂತ 1785ರಲ್ಲಿ ಪುಸ್ತಕ ಬರೆದ ವಿಲಿಯಂ ವಿದರಿಂಗ್ ಇದೇ ಊರಿನ ಡಾಕ್ಟರ್. ಅವರಿಗೆ ಸುಳಿವು ಸಿಕ್ಕಿದ್ದು ಶ್ರಾಪ್‌ಶೈರಿನ ಒಬ್ಬ ಮುದುಕಿಯ ಗುಟ್ಟಿನ ಕಷಾಯದಿಂದ. ಅದರಲ್ಲಿದ್ದ ಇಪ್ಪತ್ತಕ್ಕೂ ಮಿಕ್ಕಿ ಸೊಪ್ಪುಗಳಲ್ಲಿ ಇದೂ ಒಂದು.

"ನೋಡಿದ್ಯಾ, ಕಂಡುಹಿಡಿದಿದ್ದು ಮುದುಕಿ, ಹೆಸರು ಡಾಕ್ಟರಿಗೆ" ಎಂದರು ಅತ್ತೆ. ವಿಷದ ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ. ರಾತ್ರಿ ಸಾಗರಕ್ಕೆ ಫೋನು ಹೋಯಿತು: "ಸೊಸೆ ಹಿತ್ತಲ ತುಂಬ ವಿಷ ಬೆಳೆಸಿದಾಳೆ. ನನ್ನ ಮಾತ್ರೇನೂ ಅದರ ಕಡೇದೇ ಅಂತೆ!" ದೂರೋ, ಜಂಬವೋ, ಇವತ್ತಿಗೂ ಗೊತ್ತಾಗಿಲ್ಲ.

ಆರು ತಿಂಗಳ ವೀಸಾ ಮುಗಿದು ಅವರು ಹೊರಟರು. ಮುಂದಿನ ಜೂನಿನಲ್ಲಿ ನನ್ನೆತ್ತರದ ದಂಟಿನ ಮೇಲೆ ಗುಲಾಬಿ ಗಂಟೆಗಳು ಕೆಳಗಿನಿಂದ ಮೇಲಕ್ಕೆ ಅರಳಿದವು. ಒಳಗೆ ನುಗ್ಗಿದ ದಪ್ಪ ದುಂಬಿಯ ಹಿಂಭಾಗವಷ್ಟೇ ಕಾಣುತ್ತಿತ್ತು. ಬೀಜ ಚೆಲ್ಲಿ ಗಿಡ ಸತ್ತಿತು; ಅದರ ಆಯುಷ್ಯವೇ ಎರಡು ವರ್ಷ. ಮರಿಗಳು ಎದ್ದದ್ದು ಕಲ್ಲುಹಾಸಿನ ಸಂದಿಯಲ್ಲಿ, ಪಕ್ಕದ ಮನೆಯ ಬೇಲಿಯಾಚೆ. ಪಾತಿಯೊಂದನ್ನು ಬಿಟ್ಟು ಎಲ್ಲೆಡೆ.

ಎರಡು ವರ್ಷಕ್ಕೊಮ್ಮೆ ಬರುವ ಅತ್ತೆ ಮತ್ತೆ ಬಂದಾಗ ಹಿತ್ತಲಲ್ಲಿ ಮತ್ತೆ ಬರೀ ಎಲೆ.

"ಹೋದ ವರ್ಷಾನೂ ಒಂದು ಹಿಡಿ ಬಿತ್ತಿದ್ರೆ ಈ ವರ್ಷ ಹೂ ಇರ್ತಿತ್ತು. ತೋಟದಲ್ಲಿ ಅಡಕೆ ಸಸಿ ಎಲ್ಲಾ ಒಂದೇ ವರ್ಷ ನೆಡ್ತಾರೇನೇ?"

ಈ ಸಲ ಎಲೆ ಮುಟ್ಟಲಿಲ್ಲ. ಕಣ್ಣು ಪಕ್ಕದ ಮನೆಯ ತುರಿಕೆ ಸೊಪ್ಪಿನ ಮೇಲಿತ್ತು.