ರಾತ್ರಿ ಒಂಬತ್ತರ ಹಳೇ ಪ್ರಶ್ನೆ: ಒಂದು ಮೀಮಾಂಸೆ

ವಿಷಯ: ಒಮ್ಮೆ ಉತ್ತರ ಸಿಕ್ಕಿಹೋದ ಪ್ರಶ್ನೆಯನ್ನು ಮತ್ತೆ ಕೇಳಬಹುದೇ, ಅದೂ ಧಾರಾವಾಹಿಯ ಅತ್ತೆಯರು ಆಳುವ ರಾತ್ರಿ ಒಂಬತ್ತಕ್ಕೆ? ಸಂಶಯ ಹುಟ್ಟಿದ್ದು ಶಿಡ್ಲಘಟ್ಟದ ನಮ್ಮ ಸೋದರತ್ತೆಯಿಂದ. ಎಲ್ಲರ ‘ಅಪ್ಪು’ ಪುನೀತ್ ನಡೆಸಿಕೊಟ್ಟ ‘ಕನ್ನಡದ ಕೋಟ್ಯಧಿಪತಿ’ಯ 2012ರ ಕಂತನ್ನು ಮತ್ತೆ ಹಾಕಿ ಎಂದು ಅವರು ಕೇಬಲ್‌ನವರ ಬೆನ್ನುಬಿದ್ದಿದ್ದರು.

ಪೂರ್ವಪಕ್ಷ ಕೇಬಲ್‌ನವರದ್ದೇ. ಮಾರನೇ ದಿನಕ್ಕೆ ರುಚಿ ಹೆಚ್ಚುವುದು ಬಸ್ಸಾರಿಗೆ, ಕ್ವಿಜ್‌ಗಲ್ಲ. ರಾಮಾಯಣದ ಮಾತು ಬೇರೆ: 2020ರ ಮಾರ್ಚ್ 28ರಿಂದ ದೂರದರ್ಶನ ಅದನ್ನು ಮರುಪ್ರಸಾರ ಮಾಡಿದಾಗ, ಸೀತೆ ಸಿಗುತ್ತಾಳೆಂದು ಗೊತ್ತಿದ್ದೂ ಜನ ರಾತ್ರಿ ಒಂಬತ್ತಕ್ಕೆ ಕೂತು ನೋಡಿದರು. ಆದರೆ ಅಂದು ಸೋತು ಎದ್ದುಹೋದ ಸ್ಪರ್ಧಿ ಇಂದೂ ಸೋಲುತ್ತಾನೆ. ನೋಡುವುದೇನಿದೆ?

ಇದಕ್ಕೆ ಸಮಾಧಾನ ಗೌರಿಬಿದನೂರಿನಲ್ಲಿ, ನಮ್ಮ ಭಾವನ ಮನೆಯಲ್ಲಿದೆ. ಚಂದನದ ‘ಥಟ್ ಅಂತ ಹೇಳಿ’ 2002ರಿಂದ ಸರಿಯುತ್ತರಕ್ಕೆ ಪುಸ್ತಕ ಕೊಡುತ್ತ ಬಂದಿದೆ. ಡಾ. ನಾ. ಸೋಮೇಶ್ವರ ಪ್ರಶ್ನೆ ಮುಗಿಸುವ ಮೊದಲೇ ನಮ್ಮ ಭಾವ ಉತ್ತರ ಕೂಗಿಬಿಡುತ್ತಾರೆ. ತಪ್ಪಾದರೆ ಪ್ರಶ್ನೆಯೇ ಸರಿಯಿಲ್ಲ. ಹಳೇ ಕಂತಿನಲ್ಲಿ ಮಾತ್ರ ಅವರು ಸರ್ವಜ್ಞರು; ಮಕ್ಕಳು ಬಾಯಿಬಿಟ್ಟುಕೊಂಡು ನೋಡುತ್ತಾರೆ, ಅಕ್ಕ ಒಳಗಿನಿಂದ ಸುಮ್ಮನೆ ಕೆಮ್ಮುತ್ತಾಳೆ. ಈ ಸುಖಕ್ಕೆ ‘ಪೂರ್ವದೃಷ್ಟ ಪಾಂಡಿತ್ಯ’ ಎಂದು ಹೆಸರಿಟ್ಟಿದ್ದೇನೆ. ಸಂಸ್ಕೃತದಲ್ಲಿ ಹೆಸರಿಟ್ಟದ್ದನ್ನು ಅಲ್ಲಗಳೆಯುವ ಪದ್ಧತಿ ನಮ್ಮಲ್ಲಿಲ್ಲ.

ಚಿಕ್ಕಬಳ್ಳಾಪುರದಲ್ಲಿ ಇದೇ ಪಾಂಡಿತ್ಯ ಮಿರ್ಚಿ ಬಜ್ಜಿಯ ಪಂದ್ಯಕ್ಕಿಳಿದಿದೆ. ಬೆಳಿಗ್ಗೆ ಮೊಬೈಲಿನಲ್ಲಿ ಕಂತು ನೋಡಿಕೊಂಡವನು ರಾತ್ರಿ ಗೆಲ್ಲುತ್ತಾನೆ. ನಾನೇ ಎರಡು ಪ್ಲೇಟು ತೆತ್ತಿದ್ದೇನೆ. ಚಿಂತಾಮಣಿಯ ತೊಡಕು ಭಾಷೆಯದು. ಪುನೀತ್ ಕನ್ನಡದಲ್ಲಿ ಕೇಳಲಿ, ಇದೇ ಆಟದ 2014ರ ತೆಲುಗು ಅವತರಣಿಕೆಯಲ್ಲಿ ನಾಗಾರ್ಜುನ ಕೇಳಲಿ, ಅಲ್ಲಿನ ಅಜ್ಜಿಯದು ಒಂದೇ ಉತ್ತರ: “ನಾಕೇಮಿ ತೆಲುಸ್ರಾ, ಸೌಂಡು ಕಮ್ಮಿ ಮಾಡು.”

ಆದರೆ ಪ್ರೈಮ್ ಟೈಮನ್ನು ನಿಜಕ್ಕೂ ಆಳುವುದು ಅಜ್ಜಿಯೂ ಅಲ್ಲ, ಧಾರಾವಾಹಿಯೂ ಅಲ್ಲ, ರೇಷ್ಮೆಹುಳ. ಪೊರೆ ಕಳಚಲು ಜ್ವರಕ್ಕೆ ಕೂತ ಹುಳ ತಲೆಯೆತ್ತಿಕೊಂಡು ಅಲುಗದೆ ಇರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಆ ರಾತ್ರಿ ಮನೆಮಂದಿಯೆಲ್ಲ ಟಿವಿ ಮುಂದೆ. ನಾಲ್ಕನೇ ಜ್ವರ ಬಿಟ್ಟು ಎದ್ದಿತೋ, ಹುಳುಮನೆಯಲ್ಲಿ ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ತುಂತುರು ಮಳೆ ಹುಯ್ದ ಹಾಗೆ. ಹುಳ ಹಣ್ಣಾಗುವವರೆಗೆ ಆ ಮನೆಯಲ್ಲಿ ಯಾವ ಚಾನೆಲ್‌ಗೂ ದಿಕ್ಕಿಲ್ಲ. ಹಾಗಾದರೆ ಜ್ವರದ ಲೆಕ್ಕ ನೋಡಿಯೇ ಮರುಪ್ರಸಾರ ಮಾಡಿ ಎಂದು ಸಿದ್ಧಾಂತ ಬರೆಯುತ್ತಿದ್ದೆ. ಆದರೆ ಒಂದು ಮನೆಯಲ್ಲಿ ಇನ್ನೂ ಚಾಕಿಯ ಮರಿಹುಳವಿದ್ದರೆ ಪಕ್ಕದ ಮನೆಯಲ್ಲಿ ಹುಳ ಗೂಡು ಕಟ್ಟಲು ಚಂದ್ರಿಕೆ ಹತ್ತಿರುತ್ತದೆ.

ಕೊನೆಗೆ ಅತ್ತೆಯ ಹುಳ ಜ್ವರದಲ್ಲಿದ್ದ ಒಂದು ರಾತ್ರಿ ಪುನೀತ್ ಕಂತು ಬಂತು. ನಾನು ಪೆನ್ನು ಹಿಡಿದು ಕೇಳಿದೆ: “ಅತ್ತೆ, ಉತ್ತರ ಗೊತ್ತಾ?”

“ಪ್ರಶ್ನೆ ಯಾರೋ ಕೇಳಿಸ್ಕೊಂಡ್ರು? ಅಪ್ಪು ನಗೋದು ನೋಡ್ತಿದೀನಿ, ಸುಮ್ನಿರು.”

ಇದನ್ನು ಪೂರ್ವಪಕ್ಷಕ್ಕೆ ಸೇರಿಸಬೇಕೋ ಸಿದ್ಧಾಂತಕ್ಕೋ ತೋಚಲಿಲ್ಲ. ಅಷ್ಟರಲ್ಲಿ ಮಾವ ಹುಳುಮನೆಯಿಂದ ಕೂಗಿದರು, ಹುಳ ಎದ್ದಿತ್ತು. ಅತ್ತೆ ರಿಮೋಟನ್ನು ನನ್ನ ಕೈಗಿಟ್ಟು ಸೊಪ್ಪಿನ ಮಂಕರಿ ಎತ್ತಿಕೊಂಡರು. ಕೋಟಿ ರೂಪಾಯಿಯ ಪ್ರಶ್ನೆ ಇನ್ನೂ ಬಂದಿರಲಿಲ್ಲ.