ವಿದ್ಯುತ್ಕಾಂತ ಮೀಮಾಂಸೆ, ಅಥವಾ ಮೊಳೆಗೆ ತಂತಿ ಸುತ್ತುವ ಶಾಸ್ತ್ರವು

ಪ್ರಸ್ತಾವನೆ

ಹಾನಗಲ್ಲ ತಾಲ್ಲೂಕಿನ ಆಡೂರಿನಲ್ಲಿ ಸಿಕ್ಕ ಬಾದಾಮಿ ಚಾಲುಕ್ಯರ ಕಾಲದ ಶಾಸನವೊಂದಿದೆ. ಅದರಲ್ಲಿ ಕೀರ್ತಿವರ್ಮನ ಹೆಸರಿದೆ, ಬಸದಿಗೆ ಭೂಮಿ ಬಿಟ್ಟ ಸಂಗತಿಯಿದೆ. ಎಲ್ಲವೂ ಒಂದೇ ಕಲ್ಲಿನಲ್ಲಿ ಮುಗಿದಿದೆ. ಆ ಕಾಲದವರಿಗೆ ನಮ್ಮ ಮಾಸ್ತರರಿಗಾದಂತೆ ಐದು ದಿನದ ತರಬೇತಿ ಆಗಿರಲಿಲ್ಲ. ಹೆಚ್ಚು ಬರೆಸಿದರೆ ಕಂಡರಿಸುವವನ ಕೈ ನೋಯುತ್ತದೆ ಎಂಬ ತಿಳಿವಳಿಕೆಯಷ್ಟೇ ಇತ್ತು. ಅದೇ ಸೀಮೆಯಲ್ಲಿ ಇಂದು ಏಳನೇ ತರಗತಿಯ ಮಕ್ಕಳೆದುರು ಒಂದು ಮೊಳೆಗೆ ತಂತಿ ಸುತ್ತಬೇಕಾದರೆ ಹದಿನಾಲ್ಕು ಕಾಲಮ್ಮಿನ ನಮೂನೆ ತುಂಬಬೇಕು. ಹನ್ನೆರಡು ಶತಮಾನಗಳ ಪ್ರಗತಿಯೆಂದರೆ ಇದೇ ಎಂದು ಈ ಗ್ರಂಥವು ವಿನಯಪೂರ್ವಕ ಸಾಧಿಸುತ್ತದೆ.

ಪರಿಭಾಷಾ ಪ್ರಕರಣ

ಮೊಳೆ: ಪಾಮರರು ಹೀಗೆನ್ನುವರು. ಶಾಸ್ತ್ರದಲ್ಲಿ ಇದು ‘ಸ್ಥಳೀಯವಾಗಿ ಲಭ್ಯವಿರುವ ಅಲ್ಪವೆಚ್ಚದ ಕಲಿಕೋಪಕರಣ’. ತಂತಿ: ‘ಅನುಭವಾತ್ಮಕ ಕಲಿಕೆಯ ಸಂವಾಹಕ ಮಾಧ್ಯಮ’. ಸೆಲ್ಲು: ‘ಪ್ರೇರಣಾ ಮೂಲ’. ಮಾಸ್ತರ: ‘ಸುಗಮಕಾರ’. ಇವನಿಂದ ಯಾವುದೂ ಸುಗಮವಾಗಕೂಡದೆಂಬುದು ವ್ಯುತ್ಪತ್ತಿ. ಹುಡುಗ: ‘ಫಲಾನುಭವಿ’. ಫಲ ಯಾವುದು, ಅನುಭವ ಯಾವುದು ಎಂಬಲ್ಲಿ ಭಾಷ್ಯಕಾರರಿಗೆ ಒಮ್ಮತವಿಲ್ಲ.

ಪಾಠವು ಐದು ‘ಇ’ಗಳಲ್ಲಿ, ಅಂದರೆ ಇಂಗ್ಲಿಷಿನ E ಅಕ್ಷರದಿಂದ ಶುರುವಾಗುವ ಐದು ಹಂತಗಳಲ್ಲಿ, ನಡೆಯತಕ್ಕದ್ದು. ನಮ್ಮ ವರ್ಣಮಾಲೆಯಲ್ಲಿ ಇರುವುದು ಎರಡೇ, ಒಂದು ಹ್ರಸ್ವ, ಒಂದು ದೀರ್ಘ. ಉಳಿದ ಮೂರು ಸುತ್ತೋಲೆಯ ಜೊತೆ ಬಂದವು.

ವರ್ಗೀಕರಣ ಪ್ರಕರಣ

ವಿದ್ಯುತ್ಕಾಂತಗಳು ಏಳು ವಿಧ.

ಒಂದು, ಕಪಾಟುಕಾಂತ. ಇದು ಕಿಟ್ಟಿನೊಳಗೆ, ಕಿಟ್ಟು ಪೆಟ್ಟಿಗೆಯೊಳಗೆ, ಪೆಟ್ಟಿಗೆ ಕಪಾಟಿನೊಳಗೆ, ಕೀಲಿಕೈ ಕಳೆದ ವರ್ಷ ವರ್ಗವಾಗಿ ಹೋದವರ ಕಿಸೆಯೊಳಗೆ. ಸೀಲು ಒಡೆದರೆ ದಾಸ್ತಾನು ಪುಸ್ತಕದಲ್ಲಿ ಬರೆಯಬೇಕಾಗುತ್ತದೆಂದು ಇದರ ಆಕರ್ಷಣ ಶಕ್ತಿಯನ್ನು ಯಾರೂ ಪರೀಕ್ಷಿಸಿಲ್ಲ.

ಎರಡು, ಚಿತ್ರಕಾಂತ. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹುಟ್ಟಿ, ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಮೋಕ್ಷ ಹೊಂದುವಂಥದು. ಭಾಗಗಳನ್ನು ಹೆಸರಿಸಿದರೆ ಸಾಕು, ಗುಂಡುಸೂಜಿ ಎತ್ತಬೇಕಿಲ್ಲ.

ಮೂರು, ಫೋಟೊಕಾಂತ. ಮೊಬೈಲು ಎದುರಿಗೆ ಬಂದಾಗ ಮಾತ್ರ ಕೆಲಸ ಮಾಡುವಂಥದು.

ಉಳಿದ ನಾಲ್ಕನ್ನು ಬಿಡೋಣ. ಏಳು ಎಂದು ಬರೆದದ್ದು ಗ್ರಂಥಕ್ಕೆ ತೂಕ ಬರಲೆಂದು.

ಪ್ರಯೋಗ ಪ್ರಕರಣ

ಒಂದು ಶಾಲೆ, ಹೆಸರು ಬೇಡ. ಒಬ್ಬ ಸಂಪನ್ಮೂಲ ವ್ಯಕ್ತಿ, ಅವರ ಹೆಸರಂತೂ ಬೇಡವೇ ಬೇಡ. ಮಾದರಿ ಪಾಠ. ಹಿಂದಿನ ಬೆಂಚಿನಲ್ಲಿ ನಾವು ಸುಗಮಕಾರರು ಟಿಪ್ಪಣಿ ಪುಸ್ತಕ ಹಿಡಿದು ಕೂತಿದ್ದೆವು. ಮೊದಲ ‘ಇ’ಯಾದ ‘ತೊಡಗಿಸಿಕೊಳ್ಳುವಿಕೆ’ ಇಪ್ಪತ್ತು ನಿಮಿಷ ನಡೆಯಿತು. ಆಮೇಲೆ ಅವರು ಮೊಳೆಗೆ ಹೊಳೆಯುವ ಕೆಂಪು ತಂತಿ ಸುತ್ತಿ, ಎರಡು ತುದಿಯನ್ನು ಸೆಲ್ಲಿಗೆ ಒತ್ತಿ, ಗುಂಡುಸೂಜಿಗಳ ಮೇಲೆ ಹಿಡಿದರು. ಒಂದೂ ಅಲುಗಲಿಲ್ಲ. ಸೆಲ್ಲು ಬದಲಾಯಿತು. ಮೊಳೆ ಬದಲಾಯಿತು. ಕೊನೆಗೆ, “ಸೂಜಿಗಳು ಮೇಲೆದ್ದವು ಎಂದು ಭಾವಿಸೋಣ” ಎಂದರು.

ಮುಂದಿನ ಸಾಲಿನ ಹುಡುಗನೊಬ್ಬ ಎದ್ದ. ಅವನ ಕಾಕಾನದು ಮೋಟರ್ ವೈಂಡಿಂಗ್ ಅಂಗಡಿ. ಬೇಸಿಗೆಯಲ್ಲಿ ಹೊಲದ ಪಂಪ್‌ಸೆಟ್ಟುಗಳು ಸುಟ್ಟು ಬಂದಾಗ ಅಲ್ಲಿ ಕೂತು ತಂತಿ ಸುತ್ತಿದ ಕೈ.

“ಸರ್, ಅದರ ಮ್ಯಾಲಿನ ಬಣ್ಣ ಕೆರೀಬೇಕ್ರಿ. ತುದಿ ಕೆರೀಲಿಲ್ಲಂದ್ರ ಕರೆಂಟ ಹೋಗಂಗಿಲ್ರಿ.”

“ಸುಮ್ನ ಕೂಡೋ. ಪ್ರಶ್ನೆ ಕೇಳೋದು ನಾಲ್ಕನೇ ಹಂತದಾಗ.”

ಆಮೇಲೆ ಒಬ್ಬರು ಮೊಳೆಯ ಹಿಂದೆ ದಂಡಕಾಂತ ಮರೆಮಾಡಿ ಹಿಡಿದರು. ಸೂಜಿಗಳು ಎದ್ದವು. ಫೋಟೊ ಹೋಯಿತು.

ಇಲ್ಲಿಂದ ಮುಂದೆ ಶಾಸ್ತ್ರದ ಗಾಂಭೀರ್ಯ ನನಗೆ ಸಾಧ್ಯವಿಲ್ಲ. ಆ ಹುಡುಗ ಹೇಳಿದ್ದು ಸರಿ. ಆ ಕೆಂಪು ಹೊಳಪು ತಾಮ್ರದ್ದಲ್ಲ, ತಾಮ್ರಕ್ಕೆ ಬಳಿದ ಎನಾಮಲ್‌ನದು. ಅದು ಇರಲೇಬೇಕು, ಇಲ್ಲದಿದ್ದರೆ ಸುತ್ತಿಗೆ ಸುತ್ತು ತಾಗಿ ಕರೆಂಟು ಅಡ್ಡದಾರಿ ಹಿಡಿಯುತ್ತದೆ. ಆದರೆ ಎರಡು ತುದಿಗಳಲ್ಲಿ ಮಾತ್ರ ಇರಬಾರದು. ಇಡೀ ವಿದ್ಯೆ ಒಂದು ಬ್ಲೇಡಿನ ಅಂಚಿನಲ್ಲಿದೆ. ಇಷ್ಟನ್ನು ಬಲ್ಲ ಒಬ್ಬನೇ ಒಬ್ಬನನ್ನು ನಾವು ಕೂರಿಸಿದೆವು. ‘ನಾವು’ ಅನ್ನುತ್ತಿದ್ದೇನೆ, ಯಾಕೆಂದರೆ ನಾನೂ ಬಾಯಿ ಬಿಡಲಿಲ್ಲ. ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ಚಹಾ ಕುಡಿದೆ.

1820ರಲ್ಲಿ ವಿಜ್ಞಾನಿ ಅರ್ಸ್ಟೆಡ್ ಕರೆಂಟು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗಿದ್ದನ್ನು ಕಂಡ. ನಾಲ್ಕೈದು ವರ್ಷದೊಳಗೆ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ಕುದುರೆಲಾಳದ ಆಕಾರದ ಕಬ್ಬಿಣಕ್ಕೆ ವಾರ್ನಿಷ್ ಬಳಿದು, ಬರೀ ತಾಮ್ರದ ತಂತಿಯನ್ನು ಬಿಡಿಬಿಡಿಯಾಗಿ ಸುತ್ತಿದ. ಏಳು ಔನ್ಸಿನ ಆ ತುಂಡು ಒಂಬತ್ತು ಪೌಂಡು ಎತ್ತಿತು. ಆತ ಹುಡುಗನಾಗಿದ್ದಾಗ ಕಲಿತದ್ದು ಬೂಟು ಹೊಲಿಯುವ ಕೆಲಸ. ಕೈಗೆ ಗೊತ್ತಿದ್ದದ್ದನ್ನು ತಲೆಗೆ ಹೇಳಲು ಆತನಿಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಕನ್ನಡದಲ್ಲಿಯೂ 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಸೇರಿ ‘ವಿಜ್ಞಾನ’ ಎಂಬ ಪತ್ರಿಕೆ ತಂದರು, ಓದಿದವನಿಗೆ ತಿಳಿಯಲಿ ಎಂದು. ತಿಳಿಯದಿರಲಿ ಎಂದೇ ಬರೆಯುವ ಕನ್ನಡವನ್ನು ನಾವು ಆಮೇಲೆ ಕಂಡುಹಿಡಿದೆವು.

ಉಪಸಂಹಾರ

ಸಂಜೆ ಗಂಟೆ ಹೊಡೆದ ಮೇಲೆ ಆ ಹುಡುಗನನ್ನು ನಿಲ್ಲಿಸಿಕೊಂಡೆ. ಮುಕ್ಕಾಲು ಮೀಟರ್ ತಂತಿ, ಒಂದು ಮೊಳೆ. ಅವನು ತುದಿಗಳನ್ನು ಬ್ಲೇಡಿನಿಂದ ಕೆರೆದ. ಒತ್ತೊತ್ತಾಗಿ ನಲವತ್ತು ಸುತ್ತು ಬಂತು. ಸುತ್ತು ಹೆಚ್ಚಿದಷ್ಟೂ, ಕರೆಂಟು ಹೆಚ್ಚಿದಷ್ಟೂ ಸೆಳೆತ ಹೆಚ್ಚು. ಆದರೆ ಇಷ್ಟು ಗಿಡ್ಡ ತಂತಿಗೆ ತಡೆ ಬಹಳ ಕಡಿಮೆ, ಆದ್ದರಿಂದ ಸೆಲ್ಲು ಬೇಗ ಬಿಸಿಯಾಗುತ್ತದೆ. ಎಣಿಸಿ ಕೆಲವೇ ಸೆಕೆಂಡು ಒತ್ತು ಎಂದೆ. ಅದು ಅವನಿಗೆ ಗೊತ್ತಿತ್ತು. ಒತ್ತಿದ. ಸೂಜಿಗಳು ಗೊಂಚಲಾಗಿ ಎದ್ದವು. ಬಿಟ್ಟ. ಬಿದ್ದವು. ಒಂದು ಮಾತ್ರ ಮೊಳೆಗೆ ಜೋತುಕೊಂಡೇ ಉಳಿಯಿತು.

“ಇದೊಂದ ಯಾಕ ಬೀಳಲಿಲ್ರಿ ಸರ್?”

ಮೊಳೆ ಮೆದು ಕಬ್ಬಿಣವಾಗಿದ್ದರೆ ಕಾಂತತ್ವ ಕೂಡಲೇ ಬಿಡುತ್ತಿತ್ತು, ಉಕ್ಕು ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತದೆ ಎಂದು ಹೇಳಿದೆ. ಅವನು ಮೊಳೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಅಂಗಡಿಯಲ್ಲಿ ಬೇರೆ ಬೇರೆ ಮೊಳೆ ಇವೆ, ನಾಳೆ ತರುತ್ತೇನೆ ಎಂದ.

ರಾತ್ರಿ ನಮೂನೆ ತುಂಬಲು ಕೂತೆ. ಆ ಪ್ರಶ್ನೆಯನ್ನು ಎಲ್ಲಾದರೂ ಬರೆಯಬೇಕೆನಿಸಿತು. ಹದಿಮೂರು ಕಾಲಮ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಹದಿನಾಲ್ಕನೆಯದು ‘ಷರಾ’. ಅದರಲ್ಲಿ ‘ಇಲ್ಲ’ ಎಂದು ಮೊದಲೇ ಅಚ್ಚಾಗಿತ್ತು.