ಆಮೆಗೆ ಸೊಪ್ಪು ಕೊಯ್ಯುವುದು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹೆಂಗಸರು ಮದುವೆ ಮನೆಗೆ ಹೋದರೆ ಮದುಮಗಳ ಸೀರೆಗಿಂತ ಮೊದಲು ನೋಡುವುದು ಅಂಗಳದ ಹೂವಿನ ಕುಂಡಗಳನ್ನು. ಊಟ ಮುಗಿದು ಎಲೆ ಅಡಿಕೆ ಹಾಕುವ ಹೊತ್ತಿಗೆ ಒಂದು ಟೊಂಗೆ, ಒಂದು ಗೆಡ್ಡೆ ಬಾಳೆ ಎಲೆಯಲ್ಲಿ ಸುತ್ತಿಕೊಂಡು ಕೈಚೀಲ ಸೇರಿರುತ್ತದೆ. ಕೇಳಿ ತಂದ ಗಿಡಕ್ಕಿಂತ ಕದ್ದು ತಂದದ್ದು ಚೆನ್ನಾಗಿ ಚಿಗುರುತ್ತದೆ ಎಂಬ ನಂಬಿಕೆ ಬೇರೆ. ಮನೆಯ ಯಜಮಾನಿತಿ ಕಂಡರೂ ಕಾಣದವರಂತೆ ಇರುತ್ತಾರೆ. ಬರುವ ತಿಂಗಳು ಅವರೂ ಇನ್ನೊಂದು ಮದುವೆಗೆ ಹೋಗಬೇಕಲ್ಲ.

ಸಾಗರದ ಹತ್ತಿರವಿರುವ ನಮ್ಮ ಅತ್ತಿಗೆಯ ತೋಟ ಹೀಗೇ ಬೆಳೆದದ್ದು. ದಾಸವಾಳ ಹೊಸನಗರದ್ದು, ಆಂಥೂರಿಯಂ ತೀರ್ಥಹಳ್ಳಿಯದು. ಅವರು ಸೋತದ್ದು ಕಳ್ಳಿಯ ಎದುರು ಮಾತ್ರ. ಮೇ ಕೊನೆಯವರೆಗೆ ಅಂಗಳದಲ್ಲಿ ಮುಳ್ಳು ನಿಗುರಿಸಿಕೊಂಡಿರುತ್ತಿದ್ದ ಕುಂಡಗಳು, ಮಳೆಗಾಲಕ್ಕೆ ತಟ್ಟಿ ಕಟ್ಟುತ್ತಿದ್ದಂತೆ ಜಗುಲಿಗೆ ಬರುತ್ತಿದ್ದವು. ಅಲ್ಲಿ ಬಂದವರ ಪಂಚೆಗೆಲ್ಲ ಸಿಕ್ಕಿಕೊಂಡು, ಬೈಸಿಕೊಂಡು, ಶ್ರಾವಣದ ಹೊತ್ತಿಗೆ ಬುಡ ಮೆತ್ತಗಾಗಿ ಒಂದು ದಿನ ಮಗುಚಿಕೊಳ್ಳುತ್ತಿದ್ದವು. ಅಡಿಕೆಯ ಕೊಳೆರೋಗಕ್ಕೆಂದು ಕಲಸಿದ ಬೋರ್ಡೋ ದ್ರಾವಣದಲ್ಲಿ ಉಳಿದದ್ದನ್ನು ಅಣ್ಣ ಅವಕ್ಕೂ ಹೊಡೆಸಿದ್ದುಂಟು. ಕಳ್ಳಿ ನೀಲಿಯಾಯಿತು, ಬದುಕಲಿಲ್ಲ.

ಹೀಗಿರುವಾಗ ಅತ್ತಿಗೆಯ ಮಗಳು ಅಮೆರಿಕದ ಅರಿಝೋನಾ ರಾಜ್ಯದ ಫೀನಿಕ್ಸ್‌ನಿಂದ ವಿಡಿಯೋ ಕಾಲ್ ಮಾಡಿ, ಆಮೆ ಸಾಕಿದ್ದೇನೆ, ಅದಕ್ಕೆ ತಿನ್ನಿಸಲು ಪಾಪಾಸುಕಳ್ಳಿ ಬೆಳೆಯುತ್ತಿದ್ದೇನೆ ಎಂದಳು. ಅತ್ತಿಗೆಗೆ ಆಮೆಯ ವಿಷಯ ಕಿವಿಗೇ ಬೀಳಲಿಲ್ಲ.

"ಕಳ್ಳಿ ಕೊಳೆಯೋದಿಲ್ವನೇ ಅಲ್ಲಿ?"

ಕೊಳೆಯಲು ಅಲ್ಲಿ ನೀರೆಲ್ಲಿದೆ? ಫೀನಿಕ್ಸ್‌ನ ಸರಾಸರಿ ಮಳೆ ವರ್ಷಕ್ಕೆ 200 ಮಿ.ಮೀ. ಕೂಡ ಮುಟ್ಟುವುದಿಲ್ಲ, ನಮ್ಮ ಆಗುಂಬೆಯದು 7000 ಮಿ.ಮೀ. ದಾಟುತ್ತದೆ. ಅವರ ಇಡೀ ವರ್ಷದ ಮಳೆಯನ್ನು ಆಗುಂಬೆ ಆಷಾಢದ ಒಂದು ಜೋರು ದಿನದಲ್ಲಿ ಸುರಿದು ಮುಗಿಸಬಲ್ಲದು.

ಆಮೆ ಅಲ್ಲಿಯ ಸೊನೋರಾ ಮರುಭೂಮಿಯದೇ. ಕಾಡಿನಿಂದ ಹಿಡಿದು ತರುವ ಹಾಗಿಲ್ಲ. ಯಾರೋ ಸಾಕಿ ಬಿಟ್ಟ ಆಮೆಗಳನ್ನು ಅರಿಝೋನಾದ ವನ್ಯಜೀವಿ ಇಲಾಖೆ ದತ್ತು ಕೊಡುತ್ತದೆ. ಹೆಣ್ಣು ನೋಡಲು ಬಂದವರು ವಿಚಾರಿಸುವಂತೆ ವಿಚಾರಿಸುತ್ತಾರೆ: ಹಿತ್ತಲಿಗೆ ಗಟ್ಟಿ ಬೇಲಿ ಇದೆಯೇ, ಈಜುಕೊಳಕ್ಕೆ ಬಿದ್ದೀತೇ, ಬಿಸಿಲಿಗೂ ಚಳಿಗೂ ಅಡಗಿ ಕೂರಲು ಬಿಲ ಮಾಡಿದ್ದೀರಾ? ಚಳಿಗಾಲ ಪೂರ್ತಿ ಅದು ಆ ಬಿಲದೊಳಗೆ ಊಟ ನೀರಿಲ್ಲದೆ ಮಲಗಿರುತ್ತದೆ. ಇದನ್ನು ಕೇಳಿದ ಅತ್ತಿಗೆ ಅಣ್ಣನ ಕಡೆ ಒಮ್ಮೆ ನೋಡಿ ಸುಮ್ಮನಾದರು.

ಆಮೆಗೆ ಮುಖ್ಯ ಮೇವು ಹುಲ್ಲು, ಕಾಡು ಸೊಪ್ಪು, ಹೂವು. ಕಳ್ಳಿ ಅದರ ಜೊತೆಗೆ: ನೀರೂ ಆಯಿತು, ಚಿಪ್ಪಿಗೆ ಬೇಕಾದ ಸುಣ್ಣದ ಅಂಶವೂ ಆಯಿತು. ಮರುಭೂಮಿಯ ಆಮೆ ಕುಡಿದ ನೀರನ್ನು ಮೂತ್ರಕೋಶದಲ್ಲೇ ಕೂಡಿಟ್ಟುಕೊಂಡು ತಿಂಗಳುಗಟ್ಟಲೆ ಕಾಲ ಹಾಕುತ್ತದೆ. ಗಾಬರಿಯಾದರೆ ಅಷ್ಟನ್ನೂ ಚೆಲ್ಲಿಬಿಡುತ್ತದೆ. ಕಾಡಿನಲ್ಲಿ ಕಂಡ ಆಮೆಯನ್ನು ಮುದ್ದು ಮಾಡಲು ಎತ್ತಬೇಡಿ ಎಂದು ಅಲ್ಲಿ ಹೇಳುವುದು ಇದಕ್ಕೇ. ಎತ್ತಿದವರು ಒಂದು ಫೋಟೋ ತೆಗೆದುಕೊಂಡು ಹೋಗುತ್ತಾರೆ, ಅದು ಮುಂದಿನ ಮಳೆಯವರೆಗೆ ಒಣಗಬೇಕು.

ಕಳ್ಳಿ ನೆಡುವ ಪಾಠ ಈಗ ಮಗಳಿಂದ ತಾಯಿಗೆ. ಒಂದು ಚಪ್ಪಟೆ ಹೋಳನ್ನು ಗೆಣ್ಣಿಗೆ ಸರಿಯಾಗಿ ಕತ್ತರಿಸಬೇಕು. ಕೂಡಲೇ ನೆಡಬಾರದು, ಗಾಯ ಒಣಗಿ ಹೊಪ್ಪಳೆ ಕಟ್ಟುವವರೆಗೆ ಒಂದೆರಡು ವಾರ ನೆರಳಲ್ಲಿ ಬಿಸಾಕಿರಬೇಕು. ಆಮೇಲೆ ಮರಳು ಮಣ್ಣಿನಲ್ಲಿ ಬುಡ ಮಾತ್ರ ಹುಗಿದು, ಬೇರು ಬರುವ ತನಕ ನೀರಿನ ಸುದ್ದಿಗೆ ಹೋಗಬಾರದು. ಗಿಡವನ್ನು ಒಂದೆರಡು ವರ್ಷ ಬೆಳೆಯಲು ಬಿಟ್ಟು, ತುದಿಯ ಎಳೆ ಹೋಳುಗಳನ್ನಷ್ಟೇ ಕೊಯ್ಯಬೇಕು. ಮುಳ್ಳಿಲ್ಲದ ಜಾತಿಯೇ ಒಳ್ಳೆಯದು, ಆದರೆ ಮುಳ್ಳಿಲ್ಲ ಎಂದು ನಂಬಿ ಬರಿಗೈ ಹಾಕುವಂತಿಲ್ಲ. ಕಣ್ಣಿಗೆ ಕಾಣದ ಸಣ್ಣ ಜುಂಗಿನಂಥ ಮುಳ್ಳು ಬೆರಳಿಗೆ ನಾಟಿದರೆ ಎರಡು ದಿನ ಅನ್ನ ಕಲಸುವ ಹಾಗಿಲ್ಲ. ಇಕ್ಕಳದಲ್ಲಿ ಹಿಡಿದು ಕೆರೆದು ತೊಳೆಯಬೇಕು. ಇನ್ನೊಂದು ಮಾತು: ಮುರಿದರೆ ಹಾಲು ಬರುವ ನಮ್ಮ ಬೇಲಿಯ ಕಳ್ಳಿ ಈ ಕುಲದ್ದೇ ಅಲ್ಲ, ಆ ಹಾಲು ವಿಷ.

ಮಗಳ ಕಳ್ಳಿಗೆ ಒಮ್ಮೆ ಹತ್ತಿಯಂತೆ ಬಿಳಿ ಹುಳ ಹತ್ತಿತು. ಹಿಸುಕಿದರೆ ಬೆರಳೆಲ್ಲ ಕಡುಗೆಂಪು. ಈ ಕೆಂಪಿನ ಆಸೆಗೇ ಈಸ್ಟ್ ಇಂಡಿಯಾ ಕಂಪನಿ ಒಂದು ಕಾಲದಲ್ಲಿ ಪಾಪಾಸುಕಳ್ಳಿಯ ಬೆನ್ನು ಬಿದ್ದದ್ದು. 1795ರಲ್ಲಿ ಬ್ರೆಜಿಲ್‌ನಿಂದ ಬಣ್ಣದ ಹುಳವೆಂದು ತಂದದ್ದು ಬೇರೊಂದು ಜಾತಿಯದು. ಬಣ್ಣ ಹೇಳಿಕೊಳ್ಳುವಷ್ಟು ಬರಲಿಲ್ಲ, ಕಳ್ಳಿಯನ್ನು ಮಾತ್ರ ಚೊಕ್ಕವಾಗಿ ತಿಂದಿತು. ಅದಕ್ಕೇ ಮುಂದೆ ಹೊಲಗಳಿಗೆ ನುಗ್ಗಿದ ಕಳ್ಳಿಯನ್ನು ಅಳಿಸಲು ಇಂಥ ಹುಳಗಳನ್ನೇ ಬಿಟ್ಟರು. ಮಗಳು ಪೈಪಿನ ನೀರು ಜೋರಾಗಿ ಬಿಟ್ಟು ತೊಳೆದಳು. ಆಮೆ ತಿನ್ನುವ ಗಿಡಕ್ಕೆ ಔಷಧಿ ಹೊಡೆಯುವಂತಿಲ್ಲವಲ್ಲ.

ಅಲ್ಲಿಯ ಮೆಕ್ಸಿಕನ್ ಜನ ಈ ಕಳ್ಳಿಯ ಹೋಳನ್ನೇ ಪಲ್ಯ ಮಾಡಿ ತಿನ್ನುತ್ತಾರೆ, ಬೆಂಡೆಕಾಯಿಯ ಹಾಗೆ ಲೋಳೆ, ಸ್ವಲ್ಪ ಹುಳಿ ಎಂದದ್ದೇ ತಡ, "ಹಂಗಾರೆ ತಂಬ್ಳಿ ಆಗ್ತದೆ" ಎಂದರು ಅತ್ತಿಗೆ. ಮಲೆನಾಡಿನಲ್ಲಿ ಯಾವ ಸೊಪ್ಪೂ ತಂಬುಳಿಯಿಂದ ಪಾರಾಗಿಲ್ಲ. ಬೆಳಗಿನ ಹೋಳು ಹೆಚ್ಚು ಹುಳಿ, ಬಿಸಿಲೇರಿದಂತೆ ಹುಳಿ ಇಳಿಯುತ್ತದೆ ಎಂದು ಮಗಳು ಸೇರಿಸಿದಳು. ಕಳ್ಳಿ ರಾತ್ರಿ ಗಾಳಿ ಎಳೆದುಕೊಂಡು ಹುಳಿಯಾಗಿ ಕೂಡಿಟ್ಟು ಹಗಲು ಖರ್ಚು ಮಾಡುವ ಗಿಡ.

ಅತ್ತಿಗೆಗೆ ಸಮಾಧಾನವಾಗಲೆಂದು ನಾನೊಂದು ಮಾತು ಹೇಳಿದೆ: ನಮ್ಮ ಜಗುಲಿಯ ಬ್ರಹ್ಮಕಮಲವೂ ಕಳ್ಳಿಯೇ. ಮೆಕ್ಸಿಕೋ ಕಡೆಯ ಮಳೆಕಾಡಿನಲ್ಲಿ ಮರದ ಮೇಲೆ ಬೆಳೆಯುವ ಕಳ್ಳಿ. ಅದಕ್ಕೇ ನಮ್ಮ ಮಳೆ ತಡೆಯುತ್ತದೆ. ಸಮಾಧಾನ ಆಗಲಿಲ್ಲ. ಊರವರನ್ನೆಲ್ಲ ಕರೆದು, ಮಧ್ಯರಾತ್ರಿ ಆರತಿ ಎತ್ತಿದ ಹೂವನ್ನು ಕಳ್ಳಿ ಎಂದರೆ ಯಾರಿಗೆ ಬೇಸರವಾಗದು?

ನಾವೂ ಒಂದು ಆಮೆ ತರೋಣವೇ ಎಂಬ ಆಸೆ ಅವರಿಗೆ ಬಂದುಹೋಯಿತು. ಪಶ್ಚಿಮ ಘಟ್ಟದ ಕಾಡಿನಲ್ಲಿ ಹುಲ್ಲು, ಅಣಬೆ, ಉದುರಿದ ಹಣ್ಣು ತಿಂದುಕೊಂಡಿರುವ ನೆಲದ ಆಮೆ ಇದೆ, ಬಯಲುಸೀಮೆಯಲ್ಲಿ ನಕ್ಷತ್ರ ಆಮೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಇವನ್ನು ಹಿಡಿಯುವುದೂ ಮನೆಯಲ್ಲಿಡುವುದೂ ಅಪರಾಧ. ಇಟ್ಟರೆ ದುಡ್ಡು ಬರುತ್ತದೆ ಎಂದು ನಕ್ಷತ್ರ ಆಮೆ ಕೊಂಡವರ ಮನೆಗೆ ಬರುವುದು ಅರಣ್ಯ ಇಲಾಖೆಯವರು.

ಅಸಲಿಗೆ ಅತ್ತಿಗೆಗೆ ಬೇಕಾಗಿದ್ದದ್ದು ಆಮೆಯಲ್ಲ ಎಂದು ನನ್ನ ಅನುಮಾನ. ಅವರ ಕೊಟ್ಟಿಗೆಯಲ್ಲಿ ಈಗ ಕಾರು ನಿಲ್ಲುತ್ತದೆ. ಕತ್ತಿ ಹಿಡಿದು ಹಿತ್ತಲಿಗೆ ಹೋಗಿ, ಬಾಯಿ ಇರುವ ಒಂದು ಪ್ರಾಣಿಗೆಂದು ಹಸಿರು ಕೊಯ್ದು ತರುವ ಕೆಲಸ ಆ ಮನೆತನದಲ್ಲಿ ಉಳಿದದ್ದು ಫೀನಿಕ್ಸ್‌ನ ಮಗಳಿಗೆ ಮಾತ್ರ. ಅಳಿಯನಿಗೆ ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕಿದರೆ ಆಮೆಯನ್ನು ಜೊತೆಗೆ ಒಯ್ಯುವಂತೆಯೂ ಇಲ್ಲ, ಅರಿಝೋನಾದವರಿಗೇ ಬಿಟ್ಟುಹೋಗಬೇಕು. ದನ ಕಟ್ಟಿಕೊಂಡವರ ಬದುಕೇ ಹಾಗೆ.

ಕಳೆದ ಬಾರಿ ಅತ್ತಿಗೆ ಅಲ್ಲಿಗೆ ಹೋದಾಗ ಮಕ್ಕಳೆಲ್ಲ ಗ್ರ್ಯಾಂಡ್ ಕ್ಯಾನಿಯನ್ ನೋಡಲು ಹೊರಟರು. ಆಮೆಗೆ ಯಾರು ಹಾಕುತ್ತಾರೆ ಎಂದು ಅತ್ತಿಗೆ ಮನೆಯಲ್ಲೇ ಉಳಿದರು. ಒಂದು ದಿನ ಹಾಕದಿದ್ದರೂ ಅದಕ್ಕೇನೂ ಆಗುವುದಿಲ್ಲ ಎಂದು ಮಗಳು ಎಷ್ಟು ಹೇಳಿದರೂ ಕೇಳಲಿಲ್ಲ. ಅಷ್ಟು ದೂರ ಹೋಗಿ ನೋಡದೆ ಬಂದಿರಲ್ಲ ಎಂದು ನಾನು ಕೇಳಿದ್ದಕ್ಕೆ, "ಜೋಗ ನೋಡಿದವರಿಗೆ ನೀರಿಲ್ಲದ ಗುಂಡಿ ನೋಡೋದೆಂತದು ಮಾರಾಯ" ಎಂದರು.